ಸೌಟಿನ ಕೈಗೆ ಮಿಮಿಕ್ರಿ ಸಂಘದ ಬೀಗದ ಕೈ

ಬೆಳಗಿನ ಆರೂಮುಕ್ಕಾಲು. ಗೋಣಿಬೀಡಿನಿಂದ ಮೂರು ಕಿಲೋಮೀಟರ್ ಆಚೆ, ಕಾಫಿ ತೋಟಗಳ ನಡುವಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಇನ್ನೂ ಯಾರೂ ಇಲ್ಲ. ಆದರೂ ಹೆಡ್‌ಮಾಸ್ಟರು ಎರಡು ಸಲ ಕೆಮ್ಮುತ್ತಾರೆ. ಗಣಿತ ಮೇಷ್ಟ್ರ ಸ್ಕೂಟರು ನಾಲ್ಕು ಸಲ ಗೊರಗುಟ್ಟಿ ಐದನೆಯದಕ್ಕೆ ಪ್ರಾಣ ಬಿಡುತ್ತದೆ. ಅದರ ಬೆನ್ನಿಗೇ ಮೂಡಿಗೆರೆ ಬಸ್ಸು ರಿವರ್ಸ್ ಬರುತ್ತದೆ. ಕಂಡಕ್ಟರು 'ಬರ್ಲಿ, ಬರ್ಲಿ, ಹೋಲ್ಡಾನ್!' ಎಂದು ಕೂಗುತ್ತಾರೆ. ಇಷ್ಟೂ ಮಂದಿ, ವಾಹನ ಸಮೇತ, ಶಾಲೆಯ ಅಡುಗೆಮನೆಯೊಳಗಿದ್ದಾರೆ. ಬಾಗಿಲು ತಳ್ಳಿದರೆ ಸಿಗುವವರು ಒಬ್ಬರೇ: ಬಿಸಿಯೂಟದ ಅಣ್ಣಮ್ಮ, ವಯಸ್ಸು ಐವತ್ತೆರಡು, ಮೊಣಕೈವರೆಗೆ ಅಕ್ಕಿ ತೊಳೆದ ನೀರು. ಮುಂದೆ ಬರುವುದೆಲ್ಲ ನಡೆದದ್ದೇ. ಒಗ್ಗರಣೆ ಹಾಕುವುದು ಅಣ್ಣಮ್ಮನ ಕೆಲಸ, ಅದನ್ನು ಇಲ್ಲಿ ಯಾರೂ ಕಸಿದುಕೊಂಡಿಲ್ಲ.

"ಒಲೆ ಹಚ್ಚೋ ಮೊದ್ಲು ಗಂಟಲು ಹಚ್ಬೇಕು," ಎನ್ನುತ್ತಾರೆ ಅವರು. "ಇಲ್ದಿದ್ರೆ ಮಧ್ಯಾಹ್ನದ ಹೊತ್ತಿಗೆ ಗಂಟಲೂ ತಣ್ಣಗೆ, ಸಾರೂ ತಣ್ಣಗೆ."

ನೂರ ನಲವತ್ತಮೂರು ಮಕ್ಕಳಿಗೆ ದಿನಕ್ಕೆ ಇಪ್ಪತ್ತೊಂದು ಕಿಲೋ ಅಕ್ಕಿ, ಎರಡು ದೊಡ್ಡ ಪಾತ್ರೆ ಸಾಂಬಾರು. ಈ ಲೆಕ್ಕ ಸರ್ಕಾರಕ್ಕೆ ಗೊತ್ತು. ಗೊತ್ತಿಲ್ಲದ ಲೆಕ್ಕ ಹದಿನೇಳು. ಅದು ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಅಣ್ಣಮ್ಮನ ಸುತ್ತ ಕೂರುವ ಮಕ್ಕಳ ಸಂಖ್ಯೆ. ಶಾಲೆಯ ಕಡತದಲ್ಲಿ ಐದು ಸಂಘಗಳಿವೆ. ಪರಿಸರ ಸಂಘದ ಗಿಡಗಳನ್ನು ಪಕ್ಕದ ಮನೆಯ ಹಸು ತಿಂದು ಪರಿಸರಪ್ರೇಮ ಮೆರೆದಿದೆ. ವಿಜ್ಞಾನ ಸಂಘದ ಸೂಕ್ಷ್ಮದರ್ಶಕ ಎಲ್ಲಿದೆಯೆಂದು ಎಷ್ಟು ಸೂಕ್ಷ್ಮವಾಗಿ ನೋಡಿದರೂ ಕಾಣುವುದಿಲ್ಲ. ಉಸಿರಾಡುತ್ತಿರುವುದು ಮಿಮಿಕ್ರಿ ಸಂಘ ಒಂದೇ.

ಅಣ್ಣಮ್ಮನಿಗೆ ಈ ವಿದ್ಯೆ ಬಂದದ್ದು ತೋಟದಲ್ಲಿ. ಹದಿನಾಲ್ಕು ವರ್ಷ ಕಾಫಿ ಹಣ್ಣು ಕೊಯ್ದವರು. ರೊಬಸ್ಟಾ ಗಿಡಗಳ ಸಾಲಿನಲ್ಲಿ ನಿಂತರೆ ಪಕ್ಕದವರ ಮುಖ ಕಾಣುವುದಿಲ್ಲ, ದನಿ ಮಾತ್ರ. ಯಾರು ಸುಸ್ತಾಗಿದ್ದಾರೆ, ಯಾರು ಗಂಡನ ಜೊತೆ ಜಗಳವಾಡಿ ಬಂದಿದ್ದಾರೆ ಎಂಬುದೆಲ್ಲ ದನಿಯಲ್ಲೇ ಗೊತ್ತಾಗಬೇಕು. ಅಲ್ಲಿ ಊಟದ ಬಿಡುವನ್ನೂ ಗಡಿಯಾರ ಹೇಳುವುದಿಲ್ಲ, ಮೇಸ್ತ್ರಿ ಕೂಗಿ ಹೇಳುತ್ತಾರೆ. ಒಂದು ಡಿಸೆಂಬರಿನಲ್ಲಿ ಮೇಸ್ತ್ರಿ ನಿಂಗಯ್ಯನ ದನಿ ಹನ್ನೆರಡು ಗಂಟೆಗೇ 'ಊಟಕ್ಕೆ ಬಿಡ್ರೋ!' ಎಂದಿತು. ಅರವತ್ತು ಆಳು ಚೀಲ ಕೆಳಗಿಟ್ಟು ಬುತ್ತಿ ಬಿಚ್ಚಿದರು. ಕೆಳಗಿನ ಸಾಲಿನಲ್ಲಿದ್ದ ನಿಜವಾದ ನಿಂಗಯ್ಯನೂ ಮಾಲೀಕರೇ ಕೂಗಿಸಿರಬೇಕೆಂದುಕೊಂಡು ಕೈ ತೊಳೆದರು.

"ನಾನು ಸುಮ್ನೆ ತಮಾಷೆಗೆ ಕೂಗಿದ್ದು. ಇಡೀ ತೋಟ ಊಟಕ್ಕೆ ಕೂತುಬಿಡ್ತು. ಬೇಡ್ರೋ ಅಂತ ನನ್ನ ದನೀಲಿ ಕೂಗಿದ್ರೆ ಒಬ್ರೂ ಕೇಳ್ಲಿಲ್ಲ! ಸಂಜೆ ತೋಟದ ಲೆಕ್ಕ ಬರಿಯೋ ರೈಟರ್ ಬಂದು, ನಾಳೆಯಿಂದ ಬರೂದು ಬೇಡ ಅಂದ್ರು. ಒಬ್ರೂ ನಗ್ಲಿಲ್ಲ."

ಓದಿದ್ದು ಏಳನೇ ಕ್ಲಾಸು. "ಹೈಸ್ಕೂಲಿಗೆ ಬಂದದ್ದು ಸೌಟು ಹಿಡ್ಕೊಂಡು," ಎಂದು ನಗುತ್ತಾರೆ. ಮಿಮಿಕ್ರಿ ಸಂಘ ಕಟ್ಟಿದ ಕನ್ನಡ ಟೀಚರ್ ರಶ್ಮಿ ಒಮ್ಮೆ ಅಡುಗೆಮನೆಯ ಕಿಟಕಿಯಲ್ಲಿ ತಮ್ಮದೇ ದನಿಯಲ್ಲಿ ತಮ್ಮದೇ ಪಾಠ ಕೇಳಿಸಿಕೊಂಡು ಒಳಗೆ ಬಂದರು. ಅಂದಿನಿಂದ ಅಣ್ಣಮ್ಮ ಸಂಘದ ಗುಟ್ಟಿನ ಗುರು. ಈ ಜೂನ್‌ನಲ್ಲಿ ರಶ್ಮಿಯವರಿಗೆ ಚಿಕ್ಕಮಗಳೂರಿಗೆ ವರ್ಗವಾಗಿದೆ. ಹೆಡ್‌ಮಾಸ್ಟರ್ ಓಂಕಾರಮೂರ್ತಿ ಶನಿವಾರದ ಪಿರಿಯಡ್ಡನ್ನು ಗಣಿತಕ್ಕೆ ಬರೆದಾಗಿತ್ತು. ಅಣ್ಣಮ್ಮ ಕೈ ಒರೆಸಿಕೊಂಡು ಆಫೀಸಿನ ಬಾಗಿಲಲ್ಲಿ ನಿಂತರು.

"ಸಂಘದ ಕೋಣೆ ಬೀಗದ ಕೈ ನನ್ನ ಹತ್ರ ಇರ್ಲಿ ಸಾರ್. ಆಗಸ್ಟ್‌ನಲ್ಲಿ ಪ್ರತಿಭಾ ಕಾರಂಜಿ ಇದೆ. ಮಕ್ಕಳು ತಯಾರಾಗ್ತಿದಾರೆ."

"ಅಲ್ಲಿತನಕ ಇರ್ಲಿ. ಒಂದೇ ಒಂದು ದೂರು ಬಂತೋ, ಸಂಘ ಅಲ್ಲಿಗೆ ಮುಗೀತು. ಆಯ್ತಾ?"

ದೂರು ಬಂದರೆ ಸಂಘ ಮಾತ್ರ ಮುಗಿಯುವುದಿಲ್ಲವೆಂದು ಅಣ್ಣಮ್ಮನಿಗೆ ಗೊತ್ತು. ಅಡುಗೆಯವರನ್ನು ಮುಂದುವರಿಸುವುದು ವರ್ಷ ವರ್ಷ, ಅದೇ ಆಫೀಸಿನಿಂದ.

ಶನಿವಾರದ ಪಾಠ ಹೀಗಿರುತ್ತದೆ. ಅಣ್ಣಮ್ಮ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾರೆ. ಎದುರಿಗೆ ಹತ್ತನೇ ತರಗತಿಯ ಧನ್ಯಶ್ರೀ. ಅವಳ ತಾಯಿ ಈಗಲೂ ತೋಟಕ್ಕೆ ಹೋಗುತ್ತಾರೆ. ಹಕ್ಕಿ, ಜೀಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಎಲ್ಲವೂ ಅವಳಿಗೆ ಸಲೀಸು. ಮನುಷ್ಯರು ಕಷ್ಟ. ಅವಳು ಎರಡು ಸಲ ಕೆಮ್ಮಿ ತೋರಿಸುತ್ತಾಳೆ.

"ಇದು ಯಾರೇ?"

"ಹೆಡ್‌ಮಾಸ್ಟರು."

"ಅಲ್ಲ ಮಾರಾಯ್ತಿ, ಇದು ನೆಗಡಿಯಾದ ಧನ್ಯಶ್ರೀ."

"ಹಾಗಾದ್ರೆ ನೀವು ಮಾಡಿ ತೋರ್ಸಿ ಅಣ್ಣಮ್ಮಕ್ಕ."

"ನಾನು ಮಾಡಿದ್ರೆ ನೀನು ನನ್ನನ್ನ ಮಾಡ್ತೀಯ, ಅವ್ರನ್ನಲ್ಲ. ಹೋಗು, ಅವ್ರು ಎಲ್ಲಿ ಉಸಿರು ತಗೊಳ್ತಾರೆ, ಎಲ್ಲಿ ಎಡವ್ತಾರೆ, ನಿನ್ನ ಕಿವೀಲೇ ಕೇಳು."

ಹುಡುಗಿ ಕೇಳಿದ್ದಾಳೆ. ಅದು ಇಡೀ ಶಾಲೆಗೆ ಗೊತ್ತಾಗುವುದು ಜುಲೈನ ಮೂರನೇ ಶನಿವಾರ. ಮೂರು ದಿನದಿಂದ ಬಿಡದ ಮಳೆ. ಮಳೆ ರಜೆಯ ಆದೇಶ ಈಗ ಬಂತು, ಆಗ ಬಂತು ಎಂದು ಮಕ್ಕಳ ಜೊತೆಗೆ ಮೇಷ್ಟ್ರುಗಳೂ ಮೊಬೈಲ್ ನೋಡುತ್ತಿದ್ದಾರೆ. ಎರಡನೇ ಪಿರಿಯಡ್ಡಿನ ಹೊತ್ತಿಗೆ ಸ್ಪೀಕರ್ ಎರಡು ಸಲ ಕೆಮ್ಮುತ್ತದೆ.

'ಮಕ್ಕಳೇ, ಈಗಷ್ಟೇ ಫೋನ್ ಬಂದಿದೆ. ಕಳಸ, ಚಿಕ್ಕಮಗಳೂರು... ಅಲ್ಲಲ್ಲ... ಕಳಸ, ಮೂಡಿಗೆರೆ ತಾಲ್ಲೂಕಿನ ಶಾಲೆಗಳಿಗೆ ಇವತ್ತು ಮಳೆ ರಜೆ. ಆಯ್ತಾ?'

ಎರಡು ನಿಮಿಷದಲ್ಲಿ ಅಂಗಳದ ತುಂಬ ಕೊಡೆಗಳು. ಗಣಿತ ಮೇಷ್ಟ್ರು ರೇನ್‌ಕೋಟಿನ ಗುಂಡಿ ಹಾಕಿ ಸ್ಕೂಟರಿನ ಹತ್ತಿರವಿದ್ದಾರೆ. ಅವರ ಪುಣ್ಯಕ್ಕೆ ಇವತ್ತು ಮೊದಲನೆಯ ಒದೆತಕ್ಕೇ ಅದು ಸ್ಟಾರ್ಟ್ ಆಗಿದೆ. ಓಂಕಾರಮೂರ್ತಿ ಮಾತ್ರ ಸೋರುವ ಲ್ಯಾಬಿನಲ್ಲಿ ಬಕೆಟ್ ಇಡಲು ಹೋದವರು, ತುಂಬಿದ ಬಕೆಟ್ ಹಿಡಿದು ಜಗಲಿಗೆ ಬರುತ್ತಾರೆ.

"ಇದನ್ನ ನಾನು ಯಾವಾಗ ಹೇಳಿದೆ?"

ಗೇಟಿನ ಹತ್ತಿರದ ಮಕ್ಕಳು ನಿಂತಲ್ಲೇ ನಿಲ್ಲುತ್ತಾರೆ. ಮೈಕು ಇರುವುದು ಸಂಘದ ಕೋಣೆಯಲ್ಲಿ. ಬೀಗದ ಕೈ ಯಾರ ಹತ್ತಿರವೆಂದು ಎಲ್ಲರಿಗೂ ಗೊತ್ತು.

ಅಣ್ಣಮ್ಮ ಸೌಟು ಹಿಡಿದೇ ಹೊರಗೆ ಬರುತ್ತಾರೆ. "ನಾನೇ ಸಾರ್. ತಪ್ಪಾಯ್ತು. ಮಕ್ಕಳಿಗೆ ಏನೂ ಅನ್ಬೇಡಿ."

"ಹೌದಾ? ಇನ್ನೊಂದ್ಸಲ ಹೇಳಿ ನೋಡುವ."

ಮಳೆಯಲ್ಲಿ ನಿಂತೇ ಅಣ್ಣಮ್ಮ ಹೇಳುತ್ತಾರೆ. ಎರಡು ಕೆಮ್ಮು, ಫೋನು, ಕಳಸ, ಮೂಡಿಗೆರೆ, ಮಳೆ ರಜೆ, ಆಯ್ತಾ. ಕಣ್ಣು ಮುಚ್ಚಿದರೆ ಸಾಕ್ಷಾತ್ ಹೆಡ್‌ಮಾಸ್ಟರು.

ಓಂಕಾರಮೂರ್ತಿ ತಲೆ ಅಲ್ಲಾಡಿಸುತ್ತಾರೆ. "ನೀವಲ್ಲ ಅಣ್ಣಮ್ಮ. ನೀವು ಎಲ್ಲೂ ತಪ್ಪಲಿಲ್ಲ. ನಾನು ಓದೋವಾಗ ಒಂದ್ಸಲ ತಪ್ಪಿ, 'ಅಲ್ಲಲ್ಲ' ಅಂದು ಮತ್ತೆ ಮೊದಲಿಂದ ಹೇಳ್ತೀನಿ. ಮನೆಯಲ್ಲೂ ಬೈಸಿಕೊಳ್ತೀನಿ. ಆಗ ಸ್ಪೀಕರ್‌ನಲ್ಲಿ ಅದೂ ಇತ್ತು."

"ಅಯ್ಯೋ, ಹೌದಲ್ಲ ಸಾರ್! ಅದು ನಂಗೇ ಸಿಕ್ಕಿರ್ಲಿಲ್ಲ. ಎಂಥಾ ಕಿವಿ ನೋಡಿ ಅವಳ್ದು!" ಎಂದುಬಿಡುತ್ತಾರೆ ಅಣ್ಣಮ್ಮ. ಹೇಳಿದ ಮೇಲೆ ಸೌಟಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಮುಖದ ಮೇಲಿನ ಹೆಮ್ಮೆ ಮುಚ್ಚಲು ಸೌಟು ಸಾಲದು.

ಸಂಘದ ಕೋಣೆಯಿಂದ ಧನ್ಯಶ್ರೀ ಹೊರಗೆ ಬರುತ್ತಾಳೆ. ಅಡುಗೆಮನೆಯ ಮೊಳೆಯಿಂದ ತೆಗೆದುಕೊಂಡಿದ್ದ ಬೀಗದ ಕೈ ಇನ್ನೂ ಕೈಯಲ್ಲಿದೆ.

"ನೀನಾ? ಎಲ್ಲಿ, ಇಲ್ಲೇ ಹೇಳು. ಇಷ್ಟೂ ಜನರ ಮುಂದೆ."

ಹುಡುಗಿ ಅಣ್ಣಮ್ಮನ ಕಡೆ ನೋಡುತ್ತಾಳೆ. ಅಣ್ಣಮ್ಮ ಮೂಗಿನಿಂದ ಒಂದು ಉಸಿರು ಎಳೆದು ತೋರಿಸುತ್ತಾರೆ, ಅಷ್ಟೇ. ಧನ್ಯಶ್ರೀ ಎರಡು ಸಲ ಕೆಮ್ಮುತ್ತಾಳೆ.

'ಮಕ್ಕಳೇ, ಶನಿವಾರದ ಕೊನೇ ಪಿರಿಯಡ್ಡು ಇನ್ನುಮುಂದೆ ಗಣಿತಕ್ಕೆ... ಅಲ್ಲಲ್ಲ... ಮಿಮಿಕ್ರಿಗೆ. ಅಣ್ಣಮ್ಮನವರೇ ನೋಡ್ಕೊಳ್ತಾರೆ. ಆಯ್ತಾ?'

ಗಣಿತ ಮೇಷ್ಟ್ರು ಸ್ಕೂಟರ್ ಆಫ್ ಮಾಡುತ್ತಾರೆ.

"ಆಯ್ತು," ಎನ್ನುತ್ತಾರೆ ಓಂಕಾರಮೂರ್ತಿ. "ಹೆಡ್‌ಮಾಸ್ಟರೇ ಹೇಳಿದ ಮೇಲೆ ಮುಗೀತಲ್ಲ." ಮೊದಲು ಅವರ ಭುಜ ಅಲುಗುತ್ತದೆ, ಆಮೇಲೆ ಬಕೆಟ್ ಅಲುಗುತ್ತದೆ. ನೂರ ನಲವತ್ತಮೂರು ಮಕ್ಕಳು ಒಟ್ಟಿಗೆ ನಕ್ಕರೂ ಆ ಒಬ್ಬರ ನಗುವನ್ನು ಮೀರಲಾಗುವುದಿಲ್ಲ. ನೀರೆಲ್ಲ ತಮ್ಮದೇ ಪ್ಯಾಂಟಿನ ಮೇಲೆ ಚೆಲ್ಲಿಕೊಂಡು, ಕಂಬ ಹಿಡಿದು, ಇನ್ನೂ ನಗುತ್ತಿದ್ದಾರೆ.