ನೀಲಿ ಬಳಿದ ಮೂರು ಚಾಸಿ

ಉಮಾಮಹೇಶ್ವರಿಯವರ ಸಿಟ್ಟು ಅಂತರಸನಹಳ್ಳಿಯ ನಮ್ಮ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು. ನಮಗೆಲ್ಲ ಅವರು ಉಮಕ್ಕ. ಗುಬ್ಬಿ ಬಸ್ಸಿಳಿದು ಒಳಗೆ ಬಂದರೆ, ಹಣೆಯ ವಿಭೂತಿ ಬೆವರಿಗೆ ಅಳಿಸುವ ಮೊದಲೇ ಯಾರಾದರೊಬ್ಬರು ಬೈಸಿಕೊಂಡಿರುತ್ತಾರೆ. ನಾನೂ ಬೇಕಾದಷ್ಟು ಬೈಸಿಕೊಂಡಿದ್ದೇನೆ. ಆದರೆ ಆಯುಧಪೂಜೆ ಕಳೆದ ಮೇಲಿನ ಆ ಸಿಟ್ಟು ನನಗೂ ಬಂದಿತ್ತು, ಬಾಯಿ ಮಾತ್ರ ಬರಲಿಲ್ಲ.

ನಮ್ಮದು ಬ್ಯಾಟರಿಯ ಗೂಡ್ಸ್ ಆಟೋ ತಯಾರಿಸಲು ಹೊರಟ ಪುಟ್ಟ ಕಂಪನಿ. ಇನ್ನೂ ಒಂದು ಗಾಡಿಯೂ ಮಾರಿಲ್ಲ, ಆತುರಕ್ಕೇನೂ ಕಮ್ಮಿಯಿಲ್ಲ. ಮೊದಲ ಚಾಸಿಯ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿನ, ಪರೀಕ್ಷೆ ಮುಗಿಯುವ ಮೊದಲೇ ಮಾಲೀಕ ಮಲ್ಲಿಕಾರ್ಜುನ್ ಎರಡನೆಯದಕ್ಕೆ ಕೈ ಹಾಕಿದರು, ಅದು ಅರ್ಧವಾಗುವಾಗ ಮೂರನೆಯದಕ್ಕೆ. ಇದರ ಮೂತಿ ಕತ್ತರಿಸಿ ಅದಕ್ಕೆ, ಅದರ ಬಾಲ ಇದಕ್ಕೆ ವೆಲ್ಡ್ ಮಾಡಿಸಿದರು. ಈ ಗೋಜಲನ್ನು ಬಿಡಿಸುವ ಕೆಲಸ ತಪಾಸಣೆ ನೋಡುವ ಉಮಕ್ಕನ ತಲೆಗೆ ಬಿತ್ತು. ನೆಲದ ಮೇಲೆ ಮಲಗಿ, ಟಾರ್ಚ್ ಹಿಡಿದು ನೋಡಿ, ಬಿರುಕುಬಿಟ್ಟದ್ದಕ್ಕೆ ಕೆಂಪು, ಅನುಮಾನದ್ದಕ್ಕೆ ಹಳದಿ, ರಸ್ತೆಗಿಳಿಯಬಹುದಾದ್ದಕ್ಕೆ ಹಸಿರು ಗುರುತು ಹಾಕಿದರು.

ಉಮಕ್ಕ ಹಬ್ಬಕ್ಕೆಂದು ಕುಣಿಗಲ್ಲಿನ ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಮೂರಕ್ಕೂ ನೀಲಿ ಬಣ್ಣ! ಪೂಜೆಗೆ ಚೆಂದ ಕಾಣಲೆಂದು ಮಾಲೀಕರು ವೆಲ್ಡಿಂಗ್ ಉಬ್ಬುಗಳನ್ನೂ ಉಜ್ಜಿಸಿ ನುಣ್ಣಗೆ ಮಾಡಿಸಿದ್ದರು. ಉಮಕ್ಕನ ಗುರುತುಗಳು ಬಣ್ಣದಡಿ ಮುಚ್ಚಿಹೋಗಿ, ಯಾವುದು ಯಾವುದೆಂದು ತಿಳಿಯದಂತಾಗಿತ್ತು. ಮೇಲೆ ವಿಭೂತಿ, ಕುಂಕುಮ, ಚೆಂಡುಹೂವು.

"ಒಂದಕ್ಕೆ ಮೋಟರ್ ಕೂರ್ಸಿ ನಾಳಿದ್ದು ಹಾಗಲವಾಡಿ ರೋಡಿಗೆ ಬಿಡ್ಬೇಕು ಉಮಕ್ಕ. ತೆಂಗಿನಕಾಯಿ ಲೋಡ್ ಹೇಳಿದೀನಿ, ಚಂದ್ರು ಓಡಿಸ್ತಾನೆ" ಎಂದರು ಮಲ್ಲಿಕಾರ್ಜುನ್. ಚಂದ್ರು ನಮ್ಮ ಡ್ರೈವರ್. ಎಷ್ಟು ಬೈಸಿಕೊಂಡರೂ ಉಮಕ್ಕನಿಗೆ ದಿನಾ ಟೀ ತಂದುಕೊಡುವವನು.

"ಯಾವ್ದುನ್ನ ಬಿಡ್ಲಿ ಸಾರ್? ಬಣ್ಣ ಕೆರೀದೆ ಹೆಂಗೆ ಹೇಳ್ಲಿ?"

"ಪೂಜೆ ಆಗಿರೋದನ್ನ ಕೆರೀತಾರಾ? ಅಪಶಕುನ ಕಣ್ರೀ!"

ಉಮಕ್ಕನ ಮುಖ ಕೆಂಪಾಯಿತು. "ಮುರಿದಿರೋದುಕ್ಕೆ ಕುಂಕುಮ ಹಚ್ಚಿದ್ರೆ ಕೂಡ್ಕೊಳ್ಳುತ್ತಾ? ಸರಿ, ನೀವೇ ಒಂದು ಆರಿಸಿ. ಚಂದ್ರು ಪಕ್ಕ ನೀವೂ ಕೂತ್ಕೊಳಿ. ಆಮೇಲೆ ನಾನು ತುಟಿ ಪಿಟಕ್ಕನ್ನಲ್ಲ."

ಮಲ್ಲಿಕಾರ್ಜುನ್ ಮೂರನ್ನೂ ನೋಡಿದರು. ಯಾವುದರ ಕಡೆಗೂ ಬೆರಳು ಏಳಲಿಲ್ಲ. ಕೊನೆಗೆ, "ಕೆರೀರಿ. ಕುಂಕುಮ ಇರೋ ಜಾಗ ಬಿಟ್ಟು ಕೆರೀರಿ" ಎಂದು ಗೊಣಗಿ ಆಫೀಸಿಗೆ ಹೋದರು.

ಉಮಕ್ಕ ಕೈಮುಗಿದು, ಒದ್ದೆ ಬಟ್ಟೆಯಲ್ಲಿ ಕುಂಕುಮವನ್ನೇ ಮೊದಲು ಒರೆಸಿದರು. ಒಂದೊಂದನ್ನೇ ಸರಪಳಿಗೆ ನೇತುಹಾಕಿ ಬಣ್ಣ ತೆಗೆದೆವು. ಮೊದಲನೆಯದರಲ್ಲಿ ಕೆಂಪು ಗುರುತು, ಪಕ್ಕದಲ್ಲಿ ಬಿರುಕು. ಎರಡನೆಯದರಲ್ಲಿ ಹಳದಿ. ಮೂರನೆಯದನ್ನು ಉಜ್ಜುವಾಗ ಹಸಿರು ಕಂಡಿತು. ನಮಗೆಲ್ಲ ಜೀವ ಬಂದಂತಾಯಿತು. ಉಮಕ್ಕ ಮಾತ್ರ ಟಾರ್ಚನ್ನು ಹತ್ತಿರ ತಂದರು. ಬೇರೆ ಚಾಸಿಯಿಂದ ಕತ್ತರಿಸಿ ತಂದ ಆ ಬಾಲದಲ್ಲಿ, ಅವರೇ ಹಾಕಿದ ಹಸಿರಿನ ನಡುವೆಯೇ, ಕೂದಲೆಳೆಯಷ್ಟು ಸಣ್ಣ ಬಿರುಕಿತ್ತು. ಗುರುತು ಹಾಕುವಾಗ ಅದು ಅವರ ಕಣ್ಣಿಗೇ ತಪ್ಪಿತ್ತು. ಬಣ್ಣ ಬಳಿಯದೆ ಇದ್ದಿದ್ದರೆ ಚಂದ್ರು ಓಡಿಸುತ್ತಿದ್ದದ್ದು ಇದನ್ನೇ.

ಉಮಕ್ಕ ಅಲ್ಲೇ ನೆಲಕ್ಕೆ ಕುಳಿತರು. ಅವರ ಬೈಗುಳ ಕೇಳಿಸದ ಶೆಡ್ಡು ನನಗೆ ಹೆದರಿಕೆ ಹುಟ್ಟಿಸಿತು.

ಚಂದ್ರು ಟೀ ಹಿಡಿದು ಬಂದ. "ಯಾಕಕ್ಕ, ಯಾರ್ನೂ ಬಯ್ತಿಲ್ಲ?"

"ಯಾರನ್ನಂತ ಬೈಲಿ ಕಣೋ" ಎಂದು ಉಮಕ್ಕ ತಲೆಯೆತ್ತಿದರು. ತಕ್ಷಣ ಎದ್ದು ನಿಂತರು. "ಲೇ, ನೇತಾಕಿರೋ ಆ ಮುರುಕಲು ಕೆಳ್ಗೆ ಯಾಕ್ಲಾ ನಿಂತಿದೀಯಾ? ಬಾರ್ಲಾ ಈಚೆ!"