ಗುಣವತಿಯಕ್ಕನ ಕೈ, ಟಿ.ವಿ.ಯ ಆಯಾ

ಗುಣವತಿಯಕ್ಕ ನಮ್ಮ ಇನ್ನಂಜೆಯಲ್ಲಿ ಮಕ್ಕಳನ್ನು ಮೀಯಿಸುವವಳು. ಹೆರಿಗೆಯಾದ ಮನೆಗೆ ಬೆಳಿಗ್ಗೆ ಬಂದು, ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಮಗುವನ್ನು ಕಾಲಿನ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಕೈಕಾಲು ಎಳೆದು, ಮೂಗು ನೀವಿ, ಬಿಸಿನೀರು ಹೊಯ್ಯುತ್ತಾಳೆ. ಮಗು ಗದ್ದೆಯಾಚೆ ಕೇಳುವ ಹಾಗೆ ಕಿರುಚುತ್ತದೆ. ಆಮೇಲೆ ಮಧ್ಯಾಹ್ನದವರೆಗೆ ನಿದ್ರೆ. ತುಳುವರ ಮನೆ, ನಮ್ಮಂಥ ಕೊಂಕಣಿಯವರ ಮನೆ ಎಂಬ ಭೇದವಿಲ್ಲ. ಮೀಸೆ ಬಂದ ಹುಡುಗರನ್ನೂ ದಾರಿಯಲ್ಲಿ ನಿಲ್ಲಿಸಿ, "ಆ ಮೂಗು ನಾನು ಮಾಡಿದ್ದು, ಗೊತ್ತುಂಟಾ?" ಎನ್ನುತ್ತಾಳೆ.

ಈ ವರ್ಷ ನನ್ನ ಗಂಡ ಲಿಯೋನೆಲ್ ಬಹರೈನಿನಿಂದ ಬರುವಾಗ ಟಿ.ವಿ. ತಂದರು. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ನಾವು ಬರುವಷ್ಟರಲ್ಲಿ ನೆರೆಹೊರೆಯವರು ಹಿಂದಿ ಧಾರಾವಾಹಿಗಾಗಿ ಜಗಲಿಯಲ್ಲಿ ಸಿದ್ಧ. ಅದರಲ್ಲಿ ಕೆಟ್ಟವರು ಇಬ್ಬರು. ಒಬ್ಬ ಜಮೀನ್ದಾರ, ಊರಿಗೆ ಊರನ್ನೇ ಸುಟ್ಟವನು. ಅವನು ಬಂದರೆ ಅಂಗಡಿಯ ಭೋಜಣ್ಣ ಚಪ್ಪಾಳೆ ಹೊಡೆಯುತ್ತಾನೆ, ಅವನ ಹಾಗೆಯೇ ನಗುತ್ತಾನೆ. ಇನ್ನೊಬ್ಬಳು ಆಯಾ. ಸೊಸೆಗೆ ಬೈಗುಳ ಸಿಗಲೆಂದು ತೊಟ್ಟಿಲಿನ ಮಗುವನ್ನು ಯಾರಿಗೂ ಕಾಣದ ಹಾಗೆ ಚಿವುಟುತ್ತಾಳೆ, ಅಷ್ಟೇ. ಅವಳ ಸೆರಗು ಕಂಡರೆ ಸಾಕು, ಹೆಂಗಸರ ಶಾಪ ಶುರು. ಹಿಂದಿ ನಮಗೆ ಅಷ್ಟಕ್ಕಷ್ಟೆ. ಚಿವುಟುವುದಕ್ಕೆ ಯಾವ ಭಾಷೆ ಬೇಕು? ಊರು ಸುಡುವವನನ್ನು ಇಲ್ಲಿ ಯಾರೂ ಕಂಡಿಲ್ಲ. ಮಗು ಅತ್ತದ್ದಕ್ಕೆ ಬೈಸಿಕೊಂಡ ಸೊಸೆ ಮನೆಗೊಬ್ಬಳು ಇದ್ದಾಳೆ.

ಆ ದ್ವೇಷ ಪೆಟ್ಟಿಗೆಯೊಳಗೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಪಕ್ಕದ ಮನೆಯ ಕುಶಲಕ್ಕ, ಮೊಮ್ಮಗುವನ್ನು ಮೀಯಿಸಲು ಬಂದ ಗುಣವತಿಯಕ್ಕನನ್ನು ಅಂಗಳದಿಂದಲೇ ಕಳುಹಿಸಿಬಿಟ್ಟರು.

"ಮಗು ಅಷ್ಟು ಕೂಗುವುದು ಯಾಕೆ ಅಂತ ಯಾರಿಗೆ ಗೊತ್ತು ಮಾರಾಯ್ತಿ? ಟಿ.ವಿ. ನೋಡಿದ ಮೇಲೆ ನನಗೆ ಹೆದರಿಕೆ."

ಅವರ ಸ್ವಂತ ಮಗಳು ಇದೇ ಕಾಲಿನ ಮೇಲೆ ಅತ್ತು ಬೆಳೆದವಳು! ಮರುದಿನ ದಾರಿಯಲ್ಲಿ ಗುಣವತಿಯಕ್ಕನನ್ನು ಕಂಡು ಭೋಜಣ್ಣ ಅಂಗಡಿಯಿಂದಲೇ ಕೂಗಿದ: "ಆಯಾ ಬಂತು, ತೊಟ್ಟಿಲು ಒಳಗೆ ಇಡಿ!" ಎಲ್ಲರೂ ನಕ್ಕರು. ಜಮೀನ್ದಾರನ ನಗೆ ನಗುವ ಅವನಿಂದ ಬೆಂಕಿಪೆಟ್ಟಿಗೆ ಕೊಳ್ಳಲು ಮಾತ್ರ ಯಾರಿಗೂ ಹೆದರಿಕೆಯಿಲ್ಲ.

ಅಂದಿನಿಂದ ನಮ್ಮಲ್ಲಿಯೂ ಅವಳ ಕೈ ಬದಲಾಯಿತು. ನನ್ನ ಕೂಸು ಹೆರಾಲ್ಡನಿಗೆ ಗಾಜಿನ ಲೋಟಕ್ಕೆ ಹಚ್ಚುವ ಹಾಗೆ ಎಣ್ಣೆ ಹಚ್ಚುತ್ತಾಳೆ. ಅವನು ಕಿರುಚುವುದಿಲ್ಲ, ಮಲಗುವುದೂ ಇಲ್ಲ, ದಿನವಿಡೀ ಕುಂಯಿಗುಡುತ್ತಾನೆ.

"ಎಂತ ಅಕ್ಕ, ಕೈ ನೋವುಂಟಾ?"

"ಕೈಯಲ್ಲ ಬಾಯಮ್ಮ. ಮಗು ಅತ್ತರೆ ನಿಮ್ಮ ಅತ್ತೆ ಬಾಗಿಲಿಗೆ ಬರುತ್ತಾರೆ. ಮೊದಲು ಮಗುವನ್ನು ನೋಡುತ್ತಿದ್ದರು, ಈಗ ನನ್ನ ಬೆರಳು ನೋಡುತ್ತಾರೆ. ಇವನದು ಮುಗಿಯಲಿ. ಮತ್ತೆ ಯಾರ ಮಗುವನ್ನೂ ನಾನು ಮುಟ್ಟುವುದಿಲ್ಲ."

ನನಗೆ ಮೈ ಉರಿಯಿತು. ಮಕ್ಕಳಿಲ್ಲದ ಆ ಹೆಂಗಸಿಗೆ ಇರುವುದೇ ಊರಿನ ಮಕ್ಕಳು. ಭಾನುವಾರ ಎಲ್ಲರೂ ಬಂದು ಕುಳಿತ ಮೇಲೆ, ಟಿ.ವಿ.ಯ ಮೇಲೆ ಅದರ ಕಸೂತಿ ಬಟ್ಟೆ ಹೊದೆಸಿ ಎದುರಿಗೆ ನಿಂತೆ.

"ಕರೆಂಟು ಇಲ್ವಾ?" ಎಂದರು ಕುಶಲಕ್ಕ.

"ಕರೆಂಟು ಉಂಟು. ಗುಣವತಿಯಕ್ಕ ನಿಮ್ಮ ಬಚ್ಚಲಿಗೆ ಬಂದ ದಿನ ಟಿ.ವಿ.ಯೂ ಉಂಟು."

"ಆಂಜೆಲಾ!" ಎಂದರು ಅತ್ತೆ.

"ನೀವೂ ಅವಳ ಬೆರಳು ನೋಡುವುದು ನಿಲ್ಲಿಸಬೇಕು, ಮಾಯ್."

ಭೋಜಣ್ಣ ನಗಲು ಹೋಗಿ ನನ್ನ ಮುಖ ಕಂಡು ಚಪ್ಪಲಿ ಹುಡುಕತೊಡಗಿದ. ಒಬ್ಬೊಬ್ಬರಾಗಿ ಎದ್ದು ಹೋದರು. ದುಬೈ ದುಡ್ಡಿನ ಸೊಕ್ಕು ಎಂದು ಯಾರೋ ಗೇಟಿನ ಹತ್ತಿರ ಹೇಳಿದ್ದೂ ಕೇಳಿತು. ನನ್ನ ಗಂಡ ಇರುವುದು ಬಹರೈನಿನಲ್ಲಿ.

ಇವತ್ತು, ಶನಿವಾರ ಬೆಳಿಗ್ಗೆ, ಕುಶಲಕ್ಕನ ಬಚ್ಚಲಿನಿಂದ ಮಗುವಿನ ಕಿರುಚಾಟ ಕೇಳಿತು. ಹಳೆಯ, ಗದ್ದೆ ದಾಟುವ ಕಿರುಚಾಟ. ಅಲ್ಲಿಂದ ಗುಣವತಿಯಕ್ಕ ನೇರ ನಮ್ಮಲ್ಲಿಗೆ ಬಂದು, ಹೆರಾಲ್ಡನ ಮೂಗು ಹಿಡಿದು ನೀವಿದಳು. ಅವನೂ ಕಿರುಚಿ ಊರು ಒಂದು ಮಾಡಿದ. ಅತ್ತೆ ಬಾಗಿಲಿಗೆ ಬರಲಿಲ್ಲ.

ಟಿ.ವಿ.ಯ ಬಟ್ಟೆ ತೆಗೆದಿದ್ದೇನೆ. ಸಿಟ್ಟು ಮಾತ್ರ ಇಳಿದಿಲ್ಲ. ಅವಳು ಚಿವುಟುತ್ತಾಳೆಂದು ಕುಶಲಕ್ಕ ನಿಜವಾಗಿ ನಂಬಿದ್ದರೆ, ಒಂದು ಧಾರಾವಾಹಿಗಾಗಿ ಮೊಮ್ಮಗುವನ್ನು ಅವಳ ಕೈಗೆ ಕೊಡುತ್ತಿದ್ದರೇ?