ಗುಣಾಕಾರ ಮೇಲೆ, ಸೊನ್ನೆ ಕೆಳಗೆ

ಖಾನಾಪುರದಿಂದ ಬೆಳಗಾವಿಗೆ ಬರುವ ರೈಲಿನಲ್ಲಿ ನನ್ನ ತೊಡೆಯ ಮೇಲೊಂದು ಬುಟ್ಟಿ. ಅದರಲ್ಲಿ ಹಂಚಿನ ಮೇಲೆ ಬೆಚ್ಚಗೆ ಮಾಡಿದ ಭತ್ತದ ಹೊಟ್ಟು, ಹೊಟ್ಟಿನೊಳಗೆ ಕೋಳಿತತ್ತಿಗಳು. ಎದುರಿಗೆ ಕುಳಿತ ಗೆಳೆಯ ಮತ್ತೆ ಮತ್ತೆ ಬೆರಳು ತೂರಿಸಿ, "ಬೆಚ್ಚಗ ಅದಾವು, ಇನ್ನಾ ಬೆಚ್ಚಗ ಅದಾವು" ಎನ್ನುತ್ತಿದ್ದ. ಎಪ್ಪತ್ತರ ದಶಕದ ಕೊನೆಯ ಮಾತು. ಬಂದದ್ದು ರೈಲಿನಲ್ಲಲ್ಲ, ಬಸ್ಸಿನಲ್ಲಿ ಎಂದು ಅವನು ಈಗ ವಾದಿಸುತ್ತಾನೆ. ಇರಬಹುದು. ನನ್ನ ನೆನಪಿನ ಮೇಲೆ ನನಗೆ ಅನುಮಾನ ಶುರುವಾದದ್ದೇ ಆ ತತ್ತಿಗಳಿಂದ.

ಅವು ಗೆಳೆಯನ ತಾಯಿಯವು. ಅವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ಮದುವೆಯಾಗಿ ಬರುವಾಗ ತವರಿನಿಂದ ತಂದ ಬೋಳು ಕುತ್ತಿಗೆಯ ಕೋಳಿಗಳ ಸಂತತಿಯನ್ನು ಅವರು ಅಷ್ಟು ವರ್ಷ ಉಳಿಸಿಕೊಂಡು ಬಂದಿದ್ದರು. ಆ ಬೇಸಿಗೆಯಲ್ಲಿ ರೋಗ ಬಿದ್ದು ಒಂದೇ ಹೇಂಟೆ ಉಳಿಯಿತು. ಅದು ಕಾವಿಗೆ ಕುಳಿತಾಗ ಮುಂಗುಸಿ ಅದನ್ನೂ ಎಳೆದೊಯ್ದಿತು.

"ಬೇಟಾ, ನೀ ಏನೋ ಬಲ್ಬಿನ ಪೆಟಗಿ ಮಾಡೀಯಂತ. ಇವನ್ನ ಅದರಾಗ ಇಡು. ನನ್ನ ಅಮ್ಮೀ ಮನಿ ಕೋಳಿ ಅಂತ ಉಳದಿದ್ದು ಇಷ್ಟ. ಅಮಾಸಿ ಮರುದಿನ ಕುಂತಿತ್ತು, ನೆನಪಿಟಗೋ."

ಬೋಳು ಕುತ್ತಿಗೆಯ ಮರಿಯೇ ಬರುತ್ತದೆಂಬ ಭರವಸೆ ಇರಲಿಲ್ಲ. ಹುಂಜ ನೆರೆಮನೆಯದು, ಅದಕ್ಕೆ ಕುತ್ತಿಗೆ ತುಂಬ ಗರಿ.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬೆಳಗಾವಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ನಾನು, ಚಹಾಪುಡಿ ತುಂಬಿ ಬರುವ ಪ್ಲೈವುಡ್ ಪೆಟ್ಟಿಗೆಗೆ ಬಲ್ಬು, ಥರ್ಮಾಮೀಟರು, ನೀರಿನ ಬಟ್ಟಲು ಜೋಡಿಸಿ ಇಟ್ಟಿದ್ದೆ. ಎಲ್ಲ ಇತ್ತು, ತತ್ತಿ ಮಾತ್ರ ಇರಲಿಲ್ಲ. ಹಿಂದವಾಡಿಯ ನಮ್ಮ ಮನೆಯ ಹೊಸ್ತಿಲನ್ನು ತತ್ತಿ ಎಂಬುದು ಅದುವರೆಗೆ ದಾಟಿರಲಿಲ್ಲ.

ಅವ್ವ ಬಾಗಿಲಲ್ಲೇ ತಡೆದಳು. "ಕೊರಳಾಗ ಲಿಂಗಾ ಕಟಗೊಂಡು ತತ್ತಿ ಹೊತಗೊಂಡ ಬಂದೀಯೇನ?"

"ತಿನ್ನಾಕಲ್ಲವಾ, ಮರಿ ಮಾಡಾಕ."

"ಮರಿ ಮಾಡಾಕ ಕೋಳಿ ಇರತಾವು. ನೀ ಯಾವಾಗ ಕೋಳಿ ಆದಿ?"

"ಬೈಬ್ಯಾಡ್ರಿ ಅವ್ವಾರ, ಕಾವು ಬಿಟ್ಟ ಎದ್ದ ಓಡ್ಯಾನು" ಎಂದ ಗೆಳೆಯ.

ಅವ್ವ ನಕ್ಕಳು. ಆದರೂ ಪೆಟ್ಟಿಗೆ ಹಿತ್ತಲಿನ ಕಟ್ಟಿಗೆ ಕೋಣೆಯಲ್ಲೇ ಇರಬೇಕು, ತಾನು ಆ ಕಡೆ ಕಾಲೂ ಇಡುವುದಿಲ್ಲ ಎಂದಳು.

ಕೋಳಿ ಕಾವಿಗೆ ಕುಳಿತಾಗ ದಿನವಿಡೀ ಕೊಕ್ಕಿನಿಂದ ತತ್ತಿಗಳನ್ನು ಹೊರಳಿಸುತ್ತಲೇ ಇರುತ್ತದೆ. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಒಳಗಿನ ಜೀವ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಪೆಟ್ಟಿಗೆಯಲ್ಲಿ ಆ ಕೆಲಸ ನನ್ನದು. ಪ್ರತಿ ತತ್ತಿಯ ಒಂದು ಬದಿಗೆ ಪೆನ್ಸಿಲಿನಿಂದ ಗುಣಾಕಾರದ ಗುರುತು ಹಾಕಿದೆ, ಇನ್ನೊಂದು ಬದಿಗೆ ಸೊನ್ನೆ. ಕಾಲೇಜಿಗೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ತಿರುಗಿಸುವುದು. ಈ ಸಲ ಬಲಕ್ಕೆ ಹೊರಳಿಸಿದರೆ ಮುಂದಿನ ಸಲ ಎಡಕ್ಕೆ. ಅಲುಗಾಡಿಸದಂತೆ, ಉಸಿರು ಬಿಗಿಹಿಡಿದು.

ಎರಡನೆಯ ದಿನವೇ ಗೊಂದಲ. ಬೆಳಿಗ್ಗೆ ಗುಣಾಕಾರ ಮೇಲೆ ಮಾಡಿ ಹೋಗಿದ್ದೆ. ಸಂಜೆ ನೋಡಿದರೆ ಸೊನ್ನೆ ಮೇಲಿತ್ತು. ಹಾಗಾದರೆ ತಿರುಗಿಸಿಯೇ ಇಲ್ಲ! ಮರುದಿನವೂ ಹಾಗೆಯೇ. ತಿರುಗಿಸಿದ ಕೂಡಲೇ ಕರವಸ್ತ್ರಕ್ಕೆ ಗಂಟು ಹಾಕತೊಡಗಿದೆ. ಸಂಜೆ ಕಿಸೆಯಲ್ಲಿ ಗಂಟು ಇರುತ್ತಿತ್ತು, ತತ್ತಿಗಳು ಮಾತ್ರ ಇಲ್ಲವೆನ್ನುತ್ತಿದ್ದವು. ಗಂಟು ನಿನ್ನೆಯದಿರಬೇಕು ಎಂದುಕೊಂಡೆ. ದೇವರನ್ನೂ ಪಂಚಾಂಗವನ್ನೂ ಪ್ರಶ್ನಿಸುತ್ತಿದ್ದವನು ಈಗ ಹಲ್ಲುಜ್ಜಿದೆನೋ ಇಲ್ಲವೋ ಎಂದು ಬ್ರಷ್ ಮುಟ್ಟಿ ನೋಡುವಂತಾಯಿತು. ಖಾಲಾರ ಕೋಳಿಗಳ ಸಂತತಿ ನನ್ನ ಮರೆವಿನಿಂದಲೇ ಮುಗಿಯುತ್ತದೆ ಎಂದುಕೊಂಡೆ.

ಮರಿ ಒಡೆಯುವ ಮುಂಚಿನ ಮೂರು ದಿನ ತತ್ತಿಗಳನ್ನು ತಿರುಗಿಸಬಾರದು. ಒಳಗೆ ಮರಿ ಹೊರಬರಲು ತನ್ನ ತಲೆ ಸರಿಮಾಡಿಕೊಳ್ಳುವ ಸಮಯ ಅದು. ಅಮಾವಾಸ್ಯೆಯಿಂದ ಎಣಿಸಿ ಆ ದಿನ ಹಿಡಿದೆ. ಸೊನ್ನೆ ಮೇಲಿದ್ದಂತೆಯೇ ಬಿಟ್ಟು, ಮುಟ್ಟದೆ ಕಾಲೇಜಿಗೆ ಹೋದೆ. ಸಂಜೆ ಬಂದು ನೋಡಿದರೆ ಎಲ್ಲ ತತ್ತಿಗಳ ಮೇಲೂ ಗುಣಾಕಾರ!

ಮುಟ್ಟಿದ್ದನ್ನು ಮರೆಯಬಹುದು. ಮುಟ್ಟದೆ ಬಿಟ್ಟದ್ದು ತಾನಾಗಿ ತಿರುಗುವುದು ಹೇಗೆ? ಕಟ್ಟಿಗೆ ಕೋಣೆಯಿಂದಲೇ ಕೂಗಿದೆ. "ಅವ್ವಾ! ತತ್ತಿ ಮುಟ್ಟೀಯೇನ?"

"ನಾ ಎಲ್ಲಿ ಮುಟ್ಟೇನಿ? ಸೆರಗ ಮುಟ್ಟೈತಿ" ಎನ್ನುತ್ತ ಅಡುಗೆಮನೆಯಿಂದ ಬಂದಳು. ದಿನಾಲೂ ಪೂಜೆ ಮುಗಿಸಿ, ಕೈಗೆ ಸೆರಗು ಸುತ್ತಿಕೊಂಡು ಒಂದೊಂದನ್ನೇ ಹೊರಳಿಸಿದ್ದಳಂತೆ. "ನೀ ಮುಂಜಾನೆ ಹೋದರ ಸಂಜೀಮಟಾ ಬರಂಗಿಲ್ಲ. ಕೂಸಿಗಾದ್ರೂ ನಡುವ ಮಗ್ಗಲಾ ಬದಲಿ ಮಾಡತೀವಲ್ಲೋ."

"ಹೇಳಬಾರದೇನ? ನನಗ ಹುಚ್ಚ ಹಿಡೀತಂತ ತಿಳಕೊಂಡಿದ್ನಿ!"

"ಹೊಸಾದೇನ ಅದು?"

ಇನ್ನು ಮುಟ್ಟಬಾರದೆಂದು ವಿವರಿಸಿದಾಗ ಅವಳ ಮುಖ ಇಳಿಯಿತು. ಆ ದಿನದ ಒಂದು ಹೊರಳಿನಿಂದ ಏನಾಗಬಹುದೋ ನನಗೂ ಗೊತ್ತಿರಲಿಲ್ಲ. ಅಂದಿನಿಂದ ಬಿಡುವಾದಾಗಲೆಲ್ಲ ಇಬ್ಬರೂ ಪೆಟ್ಟಿಗೆಯ ಮುಂದೆಯೇ. ಒಳಗಿನಿಂದ ಸಣ್ಣ ಚಿಲಿಪಿಲಿ ಮೊದಲು ಕೇಳಿಸಿಕೊಂಡವಳು ಅವಳೇ. ಮೊದಲು ಕೇಳಿದ್ದು ನಾನೇ ಎಂದು ನನ್ನ ನೆನಪು ಹೇಳಿದರೂ ಅದು ಸುಳ್ಳಿರಬೇಕು, ಯಾಕೆಂದರೆ ನನ್ನನ್ನು ಎಳೆದುಕೊಂಡು ಹೋದದ್ದು ಅವಳ ಕೈ.

ಒಂದು ಚಿಪ್ಪು ಬಿರಿಯಿತು, ಇನ್ನೊಂದು ಬಿರಿಯಿತು. ಒದ್ದೆ ಮರಿಗಳು ಬಲ್ಬಿನ ಕೆಳಗೆ ಒಣಗಿ ಹತ್ತಿಯುಂಡೆಗಳಾದವು. ಪ್ರತಿಯೊಂದರ ಕುತ್ತಿಗೆ ನೋಡುತ್ತಿದ್ದೆ. ತುಪ್ಪಳ. ತುಪ್ಪಳ. ಮತ್ತೂ ತುಪ್ಪಳ. ಕೆಲವು ತತ್ತಿ ಅಲುಗಲೇ ಇಲ್ಲ. ಕೊನೆಗೆ ಒಂದರಲ್ಲಿ ಮಾತ್ರ ತೂತು ಕಾಣಿಸಿತು. ನಾನು ನೀರು ತರಲು ಹೋಗಿದ್ದಾಗ ಅವ್ವ ಚೀರಿದಳು.

"ತಮ್ಮಾ, ಲಗೂನ ಬಾ! ಇದರ ಕೊರಳ ನೋಡೋ, ಒಂದ ಎಳಿ ಕೂದಲಿಲ್ಲ! ನಾ ಹೊರಳಿಸಿದ್ದಕ್ಕ ಸವದ ಹೋತೇನೋ?"

ಖಾಲಾರ ಕೋಳಿಯ ಕುತ್ತಿಗೆಯ ವಿಷಯ ಅವಳಿಗೆ ಹೇಳಿರಲೇ ಇಲ್ಲ. ನಾನು ಕುಣಿದೇಬಿಟ್ಟೆ. "ಇದ ಬೇಕಾಗಿತ್ತವಾ! ಇದ!"

"ಹುಚ್ಚ ಖರೇನ ಹಿಡದೈತಿ" ಎಂದು ಅವ್ವ ಕಣ್ಣೊರೆಸಿಕೊಂಡಳು.

ಕೆಲವು ದಿನ ಬಿಟ್ಟು ಮರಿಗಳನ್ನು ಖಾನಾಪುರಕ್ಕೆ ಒಯ್ದೆವು. ಖಾಲಾ ಉಳಿದವನ್ನೆಲ್ಲ ಬದಿಗಿಟ್ಟು, ಆ ಒಂದನ್ನು ಅಂಗೈಯಲ್ಲಿ ಕೂರಿಸಿ ಕುತ್ತಿಗೆಯನ್ನು ಬೆರಳಿನಿಂದ ಸವರಿದರು. ನಾನು ಉಷ್ಣತೆ, ತೇವಾಂಶ ಎಂದು ಶುರುಮಾಡಿದ್ದೆ. ಅವರು ಆಗಲೇ ಒಳಗೆ ತಿರುಗಿ ಕೂಗುತ್ತಿದ್ದರು.

"ಏ, ಚಹಾ ಇಡ್ರಿ! ನನ್ನ ತವರಮನಿ ಮಂದಿ ಬಂದಾರ!"